ಬೀದಿ ಬದಿಯ ಗಾಡಿಯಲ್ಲೇ ಮಲಗುವವರ ವಿಷಯದಲ್ಲಿ ನಗರಗಳು ಏನು ಮಾಡುತ್ತಿವೆ? ಏನು ಮಾಡಬೇಕು?

ಮೂಲೆಮನೆ:

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ನಾನಿರುವುದು ಕ್ಯಾಲಿಫೋರ್ನಿಯಾದ ಒಂದು ಊರಿನಲ್ಲಿ. ನಮ್ಮ ಬೀದಿ ಮುಗಿಯುವ ಕಡೆ ಗೋದಾಮುಗಳಿವೆ. ಅವುಗಳ ಗೋಡೆ ಬದಿಗೆ ಒಂದಾದ ಮೇಲೆ ಒಂದು ಗಾಡಿ ಬಂದು ನಿಲ್ಲುತ್ತಿವೆ. ಕೆಲವು ಹಳೇ ಆರ್‌ವಿ (ಒಳಗೇ ಅಡುಗೆ, ಹಾಸಿಗೆ, ಶೌಚದ ವ್ಯವಸ್ಥೆ ಇರುವ ದೊಡ್ಡ ಗಾಡಿ), ಒಂದಷ್ಟು ವ್ಯಾನು, ಉಳಿದವು ಮಾಮೂಲಿ ಕಾರು. ಒಳಗೆ ಜನ ಮಲಗುತ್ತಾರೆ. ಒಂದು ಕಾರಿನಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರಿದ್ದಾರೆ. ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಬಿಸಿಲುಮರೆ, ಪಕ್ಕದ ಕಿಟಕಿಗಳಿಗೆ ಟವೆಲ್. ಹಿಂದಿನ ಸೀಟಿನ ಮೇಲಿನ ಕೊಕ್ಕೆಯಲ್ಲಿ ಇಸ್ತ್ರಿ ಮಾಡಿದ ಯೂನಿಫಾರ್ಮ್ ನೇತಾಡುತ್ತಿರುತ್ತದೆ. ವೃದ್ಧಾಶ್ರಮದಲ್ಲಿ ಕೆಲಸವಂತೆ. ಬೆಳಗ್ಗೆ ಆರಕ್ಕೆಲ್ಲ ಹೊರಟುಬಿಡುತ್ತಾರೆ.

ಈಗ ನಗರಸಭೆಯ ಮುಂದೆ ಒಂದು ಪ್ರಸ್ತಾಪ ಇದೆ. ರಾತ್ರಿ 2ರಿಂದ ಬೆಳಗ್ಗೆ 6ರವರೆಗೆ ಆ ರಸ್ತೆಯಲ್ಲಿ ಯಾರೂ ಗಾಡಿ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಟಿಕೆಟ್, ಅಂದರೆ ದಂಡದ ಚೀಟಿ. ಟಿಕೆಟ್ ಜಾಸ್ತಿ ಆದರೆ ಟೋ, ಅಂದರೆ ಗಾಡಿಯನ್ನೇ ಎಳೆದೊಯ್ಯುವುದು. ಬೀದಿಯವರು ಮನವಿಗೆ ಸಹಿ ಹಾಕುತ್ತಿದ್ದಾರೆ, ನನ್ನ ಹತ್ತಿರವೂ ಹಾಳೆ ಬಂದಿದೆ. ಪಕ್ಕದ ಮನೆಯವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಆ ಹೆಂಗಸು ಎಲ್ಲಿಗೆ ಹೋಗಬೇಕು ಅಂತ ಆ ಹಾಳೆಯಲ್ಲಿ ಎಲ್ಲೂ ಬರೆದಿಲ್ಲ. ಬೇರೆ ನಗರಗಳು ಇದನ್ನು ಹೇಗೆ ನಿಭಾಯಿಸಿವೆ? ಯಾವುದು ಕೆಲಸ ಮಾಡಿದೆ, ಯಾವುದು ಮಾಡಿಲ್ಲ? ಗೊತ್ತಿರುವವರು ದಯವಿಟ್ಟು ಹೇಳಿ.


ಕಪ್ಪುಕೋಟು:

ಲಾಸ್ ಏಂಜಲೀಸ್ ಕಥೆ ಮೊದಲು ತಿಳಿದುಕೊಳ್ಳಿ. ಬಾಕಿ ಎಲ್ಲ ಊರುಗಳೂ ಅಲ್ಲಿಂದಲೇ ಪಾಠ ಕಲಿತಿವೆ.

ಅಲ್ಲಿ 1983ರಲ್ಲೇ ಒಂದು ಕಾನೂನು ಬಂತು. ನಗರದ ಬೀದಿಯಲ್ಲಿ ನಿಲ್ಲಿಸಿದ ಗಾಡಿಯನ್ನು ವಾಸಕ್ಕೆ ಬಳಸುವಂತಿಲ್ಲ ಅಂತ. ರಾತ್ರಿಯಾಗಲಿ, ಹಗಲಾಗಲಿ, ಬೇರೆ ಯಾವ ರೀತಿಯಲ್ಲೇ ಆಗಲಿ. ಕೇಳಲಿಕ್ಕೆ ಸರಳ. ಆದರೆ ವಾಸ ಅಂದರೆ ಯಾವುದು? 2010ರಲ್ಲಿ ವೆನಿಸ್ ಭಾಗದಲ್ಲಿ ಪೊಲೀಸರು ಇದನ್ನು ಜೋರಾಗಿ ಜಾರಿ ಮಾಡಲು ಹೊರಟಾಗ ತೊಡಕು ಬಯಲಾಯಿತು. ಕಾರಿನಲ್ಲಿ ಹೊದಿಕೆ, ಬಟ್ಟೆ, ತಿನ್ನುವ ಸಾಮಾನು ಇದ್ದರೆ ಸಾಕು, ಕೇಸು. ಮಳೆ ಅಂತ ಕಾರಿನೊಳಗೆ ಕೂತವರಿಗೂ ಕೇಸು. 2014ರ ಜೂನ್‌ನಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ಕೋರ್ಟು (ಪಶ್ಚಿಮದ ರಾಜ್ಯಗಳಿಗೆ ಇರುವ ಕೇಂದ್ರ ಸರ್ಕಾರದ ಕೋರ್ಟು) ಆ ಕಾನೂನನ್ನೇ ರದ್ದು ಮಾಡಿತು. ಏನು ಮಾಡಿದರೆ ತಪ್ಪು ಅಂತ ಓದಿದವನಿಗೆ ಗೊತ್ತಾಗಲ್ಲ, ಪ್ರವಾಸಕ್ಕೆ ಹೊರಟ ಯಾರನ್ನು ಬೇಕಾದರೂ ಹಿಡಿಯಬಹುದು, ಹಿಡಿಯುವುದು ಮಾತ್ರ ಬಡವರನ್ನೇ, ಅನ್ನುವುದು ತೀರ್ಪಿನ ಸಾರ.

ಆಮೇಲೆ ನಗರ ಹೊಸ ಕಾನೂನು ಮಾಡಿತು. 2017ರಿಂದ ಜಾರಿಗೆ ಬಂತು. ಮನೆಗಳಿರುವ ಬೀದಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗಾಡಿಯಲ್ಲಿ ವಾಸ ಮಾಡುವಂತಿರಲಿಲ್ಲ. ಶಾಲೆ, ಪಾರ್ಕು, ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳ ಹತ್ತಿರ ಯಾವ ಹೊತ್ತಿನಲ್ಲೂ ಇರುವಂತಿರಲಿಲ್ಲ. ಎಲ್ಲೆಲ್ಲಿ ಮಲಗಬಹುದು ಅಂತ ಹಸಿರು, ಹಳದಿ, ಕೆಂಪು ಬಣ್ಣದ ನಕ್ಷೆಗಳನ್ನೂ ಕೊಟ್ಟರು. ನಕ್ಷೆಯಲ್ಲಿ ಹಸಿರು ಕಂಡ ಬೀದಿಗೆ ಹೋಗಿ ನೋಡಿದರೆ ಅಲ್ಲಿ ರಾತ್ರಿ ಪಾರ್ಕಿಂಗ್ ನಿಷೇಧದ ಬೇರೆಯದೇ ಬೋರ್ಡು ಇರಬಹುದು. ನಿಮ್ಮ ಊರಿನವರು ಹಾಕಹೊರಟಿರುವುದು ಅಂಥದ್ದೇ ಬೋರ್ಡು. 'ವಾಸ' ಅನ್ನುವ ಮಾತನ್ನೇ ಎತ್ತದೆ, ಬರೀ ಪಾರ್ಕಿಂಗ್ ನಿಯಮ ಅಂತ ಮಾಡಿದರೆ ಕೋರ್ಟಿನಲ್ಲಿ ಪ್ರಶ್ನಿಸುವುದು ಕಷ್ಟ. ಎಲ್ಲ ಊರಿನ ವಕೀಲರಿಗೂ ಇದು ಗೊತ್ತು.

ಸ್ಯಾನ್ ಡಿಯಾಗೋದಲ್ಲೂ ಹೆಚ್ಚುಕಡಿಮೆ ಇದೇ ಆಯಿತು. 2018ರಲ್ಲಿ ಕೋರ್ಟು ಹಳೇ ಕಾನೂನಿಗೆ ತಡೆ ಕೊಟ್ಟಿತು. 2019ರ ಫೆಬ್ರವರಿಯಲ್ಲಿ ನಗರ ಅದನ್ನು ವಾಪಸ್ ಪಡೆಯಿತು. ಅದೇ ವರ್ಷ ಮೇ ತಿಂಗಳಲ್ಲಿ ಹೊಸ ರೂಪದಲ್ಲಿ ತಂದಿತು.


ಅಡ್ಡರಸ್ತೆ:

ಕಾನೂನು ಎಲ್ಲ ಸರಿ. ಇಂಥ ಬೀದಿಯಲ್ಲಿ ಬದುಕುವವರ ಪಾಡನ್ನೂ ಸ್ವಲ್ಪ ಕೇಳಿ.

ನಮ್ಮ ಮನೆ ಮುಂದೆ ಒಂದು ಆರ್‌ವಿ ತಿಂಗಳುಗಟ್ಟಲೆ ನಿಂತಿತ್ತು. ಅದರ ಕೊಳಚೆ ಟ್ಯಾಂಕ್ ತುಂಬಿದಾಗ ಪೈಪನ್ನು ನೇರ ಮಳೆನೀರಿನ ಚರಂಡಿಗೆ ಬಿಡುತ್ತಿದ್ದರು. ಆ ಚರಂಡಿ ನೀರು ಯಾವ ಶುದ್ಧೀಕರಣವೂ ಇಲ್ಲದೆ ಹೊಳೆಗೆ ಹೋಗುತ್ತದೆ. ರಾತ್ರಿಯಿಡೀ ಜನರೇಟರ್ ಸದ್ದು. ಫುಟ್‌ಪಾತ್ ತುಂಬ ಸೈಕಲ್ ಚಕ್ರ, ಪ್ಲಾಸ್ಟಿಕ್ ಡಬ್ಬ, ಹಳೇ ಬ್ಯಾಟರಿ. ನಮ್ಮ ತಾಯಿ ಗಾಲಿಕುರ್ಚಿಯಲ್ಲಿ ಓಡಾಡುವವರು. ಅವರನ್ನು ರಸ್ತೆಗೆ ಇಳಿಸಿ ತಳ್ಳಿಕೊಂಡು ಹೋಗಬೇಕಿತ್ತು. ಇನ್ನೊಂದು ಗಾಡಿಯಲ್ಲಿ ಗ್ಯಾಸ್ ಒಲೆಯಿಂದ ಬೆಂಕಿ ಹತ್ತಿ ಪಕ್ಕದ ಮರ ಸುಟ್ಟಿತು. ಆ ಗಾಡಿಯಲ್ಲಿ ಮಗು ಇತ್ತು. ಏನೂ ಆಗಲಿಲ್ಲ, ಪುಣ್ಯ.

ಇನ್ನೊಂದು ಮಾತು. ಆ ಆರ್‌ವಿ ಅದರಲ್ಲಿದ್ದವರದ್ದೇ ಆಗಿರಲಿಲ್ಲ. ಯಾರೋ ಒಬ್ಬ ಗುಜರಿಗೆ ಹೋಗಬೇಕಿದ್ದ ಗಾಡಿಗಳನ್ನು ಅಗ್ಗಕ್ಕೆ ಕೊಂಡು, ಬೀದಿಗೆ ಎಳೆತಂದು ನಿಲ್ಲಿಸಿ, ವಾರಕ್ಕೆ ಇಷ್ಟು ಅಂತ ಬಾಡಿಗೆ ವಸೂಲಿ ಮಾಡುತ್ತಿದ್ದ. ಬ್ರೇಕ್ ಇಲ್ಲ, ನೀರಿಲ್ಲ, ಬೀಗವೂ ಸರಿ ಇಲ್ಲ. ಲಾಸ್ ಏಂಜಲೀಸ್‌ನಲ್ಲಿ ಇಂಥವರಿಗೆ ವ್ಯಾನ್‌ಲಾರ್ಡ್ ಅಂತಲೇ ಹೆಸರು. ಬಡವರ ಮೇಲೆ ಕನಿಕರ ನನಗೂ ಇದೆ. ಆದರೆ ನಗರಸಭೆ ಏನೂ ಮಾಡದೆ ಕೂತರೆ ಆ ಕನಿಕರದ ಬೆಲೆಯನ್ನು ಒಂದೇ ಬೀದಿಯವರು ಕಟ್ಟುತ್ತಾರೆ. ಮೇಯರ್ ಮನೆ ಮುಂದೆ ಯಾವ ಆರ್‌ವಿಯೂ ನಿಲ್ಲಲ್ಲ, ಅಲ್ವಾ?


ಸಿಯಾಟಲ್ ಮಳೆ:

ಅಡ್ಡರಸ್ತೆ ಅವರೇ, ನೀವು ಹೇಳಿದ ಎಲ್ಲವೂ ನಿಜ. ಹಾಗಾಗಿಯೇ ಒಂದೊಂದನ್ನೂ ಬೇರೆ ಬೇರೆ ಹಿಡಿದು ನೋಡಬೇಕು ಅನಿಸುತ್ತದೆ.

ಕೊಳಚೆ ನೀರು ಮುಖ್ಯವಾಗಿ ಪೈಪಿನ ಸಮಸ್ಯೆ. ಟ್ಯಾಂಕ್ ಖಾಲಿ ಮಾಡುವ ಜಾಗ ಊರಿನಿಂದ ದೂರ ಇರುತ್ತದೆ, ಅಲ್ಲಿ ಹಣ ಕಟ್ಟಬೇಕು, ಗಾಡಿ ಅಷ್ಟು ದೂರ ಓಡುವ ಸ್ಥಿತಿಯಲ್ಲೂ ಇರಲ್ಲ. ಸಿಯಾಟಲ್‌ನಲ್ಲಿ ನೀರು ಮತ್ತು ಒಳಚರಂಡಿ ನೋಡಿಕೊಳ್ಳುವ ಇಲಾಖೆಯೇ ಟ್ಯಾಂಕರನ್ನು ಗಾಡಿ ನಿಂತ ಕಡೆಗೆ ಕಳಿಸಿ ಕೊಳಚೆ ಹೀರಿಸುತ್ತದೆ. ಜೊತೆಗೆ ಕಸದ ಚೀಲ ಕೊಡುವ, ತುಂಬಿದ್ದನ್ನು ಒಯ್ಯುವ ವ್ಯವಸ್ಥೆ ಇದೆ. ಹೊಳೆ ಉಳಿಸುವ ದೃಷ್ಟಿಯಿಂದ ನೋಡಿದರೂ ಇದು ಬುದ್ಧಿವಂತಿಕೆಯ ಕೆಲಸ. ಟಿಕೆಟ್ ಅಂಟಿಸಿದರೆ ಟ್ಯಾಂಕ್ ಖಾಲಿ ಆಗಲ್ಲ.

ಈಗ ಟೋ ವಿಷಯ. ಮೂಲೆಮನೆ ಅವರು ಸಹಿ ಹಾಕುವ ಮುಂಚೆ ನಮ್ಮ ರಾಜ್ಯದ ಒಂದು ಕೇಸನ್ನು ತಿಳಿದುಕೊಳ್ಳಲೇಬೇಕು. ಸಿಯಾಟಲ್ ನಗರ ವಿರುದ್ಧ ಲಾಂಗ್, ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟು, ಆಗಸ್ಟ್ 2021.

ಒಬ್ಬ ಮನುಷ್ಯ ತನ್ನ ಪಿಕಪ್ ಟ್ರಕ್‌ನಲ್ಲೇ ಇದ್ದರು. ಸಣ್ಣಪುಟ್ಟ ರಿಪೇರಿ, ಕ್ಲೀನಿಂಗ್ ಕೆಲಸ ಮಾಡುವವರು. ಕೆಲಸದ ಸಲಕರಣೆ ಎಲ್ಲ ಆ ಟ್ರಕ್‌ನಲ್ಲೇ. ಗಾಡಿ ಕೆಟ್ಟು ನಿಂತಿತ್ತು. ಸಿಯಾಟಲ್‌ನಲ್ಲಿ ಒಂದೇ ಕಡೆ 72 ಗಂಟೆಗಿಂತ ಜಾಸ್ತಿ ನಿಲ್ಲಿಸುವಂತಿಲ್ಲ. ಪೊಲೀಸರು ನೋಟಿಸ್ ಅಂಟಿಸಿದರು. 2016ರ ಅಕ್ಟೋಬರ್‌ನಲ್ಲಿ ಅವರು ಕೆಲಸಕ್ಕೆ ಹೋಗಿದ್ದಾಗ ಟ್ರಕ್ ಎಳೆದುಕೊಂಡು ಹೋದರು. ಆ ರಾತ್ರಿಯಿಂದ ಅವರು ಹೊರಗೆ, ನೆಲದ ಮೇಲೆ. 21 ದಿನ ಟ್ರಕ್ ಟೋ ಕಂಪನಿಯ ಅಂಗಳದಲ್ಲಿ ಇತ್ತು. ಅಷ್ಟರಲ್ಲಿ ಖರ್ಚು 946.61 ಡಾಲರ್ ಆಯಿತು. ಮ್ಯಾಜಿಸ್ಟ್ರೇಟ್ ಅದನ್ನು 547.12ಕ್ಕೆ ಇಳಿಸಿ, ತಿಂಗಳಿಗೆ 50 ಡಾಲರ್ ಕಂತು ಮಾಡಿದರು. ಕೈಯಲ್ಲಿ ಉಳಿತಾಯ ಅಂತ ಅವರಿಗೆ ಇದ್ದದ್ದೇ 50 ಡಾಲರ್.

ಕೋರ್ಟು ಏನು ಹೇಳಿತು ಅಂದರೆ, ಮನುಷ್ಯ ವಾಸ ಮಾಡುವ ಗಾಡಿ ರಾಜ್ಯದ ಹೋಮ್‌ಸ್ಟೆಡ್ ಕಾನೂನಿನ (ಸಾಲ ವಸೂಲಿಯಿಂದ ವಾಸದ ಮನೆಯನ್ನು ಕಾಪಾಡುವ ಕಾನೂನು) ಪ್ರಕಾರ ಅವನ ಮನೆಯೇ. ಅದಕ್ಕೆ ಅವನು ಅರ್ಜಿ ಹಾಕಬೇಕಾಗಿಲ್ಲ. ಗಾಡಿ ಎಳೆದದ್ದು, ಅದರ ಖರ್ಚು ಹೇರಿದ್ದು ಎರಡೂ ದಂಡವೇ. ಕೊಡುವ ಶಕ್ತಿ ಎಷ್ಟಿದೆ ಅಂತ ನೋಡದೆ ದಂಡ ಹಾಕುವುದು ಅಮೆರಿಕದ ಸಂವಿಧಾನ ತಡೆಯುವ ವಿಪರೀತ ದಂಡ ಆಗುತ್ತದೆ. ಹಾಗಾಗಿ ಆ ಕಂತಿನ ಆದೇಶ ನಿಲ್ಲಲಿಲ್ಲ.

ನನಗೆ ಈ ಇಡೀ ವಿಷಯದ ಕೀಲು ಇರುವುದು ಇಲ್ಲೇ. ಬಾಡಿಗೆ ಮನೆ ಹೋದಾಗ ಜನ ಕಾರಿಗೆ ಬರುತ್ತಾರೆ. ಕಾರು ಹೋದಾಗ ಫುಟ್‌ಪಾತಿಗೆ. ಕಾರಿನಲ್ಲಿ ಇರುವವರೆಗೆ ಕೆಲಸಕ್ಕೆ ಹೋಗಬಹುದು, ಬಟ್ಟೆ ಒಣಗಿರುತ್ತದೆ, ಕಾಗದಪತ್ರ ಜೋಪಾನ, ರಾತ್ರಿ ಒಳಗಿನಿಂದ ಲಾಕ್ ಮಾಡಿಕೊಳ್ಳಬಹುದು. ಫುಟ್‌ಪಾತಿಗೆ ಬಿದ್ದ ಮೇಲೆ ಮತ್ತೆ ಮನೆಗೆ ಬರುವುದು ಹತ್ತು ಪಟ್ಟು ಕಷ್ಟ. ನಗರ ಯಾವ ನಿಯಮ ಬೇಕಾದರೂ ಮಾಡಲಿ, ಈ ನಿಯಮದಿಂದ ಗಾಡಿ ಇವರ ಕೈಯಲ್ಲೇ ಉಳಿಯುತ್ತಾ, ಹೋಗುತ್ತಾ ಅಂತ ಮೊದಲು ಕೇಳಬೇಕು.


ಹಿಂದಿನಸೀಟು:

ಇದನ್ನು ಓದುತ್ತಾ ಸುಮ್ನೆ ಇರಲಿಕ್ಕೆ ಆಗಲಿಲ್ಲ. ನಾನು ಕಾರಿನಲ್ಲಿ ಇದ್ದವನು.

ಓದು ಮುಗಿಸಿ ಸಿಕ್ಕಿದ ಕೆಲಸ ಹೋಯಿತು. ಜೊತೆಯಲ್ಲಿದ್ದವರು ಬೇರೆ ಊರಿಗೆ ಹೋದರು. ಪೂರ್ತಿ ಬಾಡಿಗೆ ಕಟ್ಟಲು ಆಗಲಿಲ್ಲ, ಹೊಸ ಮನೆಗೆ ಅಡ್ವಾನ್ಸ್ ಕೊಡಲು, ಮೂರು ತಿಂಗಳ ಸಂಬಳದ ಚೀಟಿ ತೋರಿಸಲು ಇರಲಿಲ್ಲ. ಸ್ವಲ್ಪ ದಿನ ಅಂತ ಕಾರಿಗೆ ಬಂದೆ. ಅಪ್ಪ ಅಮ್ಮನಿಗೆ ಹೇಳಲಿಲ್ಲ. ಫೋನ್ ಮಾಡಿದಾಗ ವಿಡಿಯೋ ಹಾಕುತ್ತಿರಲಿಲ್ಲ, ನೆಟ್‌ವರ್ಕ್ ಸರಿ ಇಲ್ಲ ಅನ್ನುತ್ತಿದ್ದೆ.

ಹೊರಗಿನವರಿಗೆ ಗೊತ್ತಾಗದ ಕೆಲವು ವಿಷಯ ಹೇಳುತ್ತೇನೆ. ಚಳಿ ರಾತ್ರಿ ಕಿಟಕಿ ಮುಚ್ಚಿ ಮಲಗಿದರೆ ಉಸಿರಿನ ಹಬೆ ಗಾಜಿಗೆಲ್ಲ ಕಟ್ಟುತ್ತದೆ. ಬೆಳಗ್ಗೆ ಒಳಗಿನಿಂದ ನೀರು ಇಳಿಯುತ್ತಿರುತ್ತದೆ, ಹೊದಿಕೆ ತೇವ. ಬೀದಿಯಲ್ಲಿ ನಡೆದು ಹೋಗುವವರಿಗೆ ಆ ಮಂಜು ಕಟ್ಟಿದ ಗಾಜು ನೋಡಿದ ಕೂಡಲೇ ಒಳಗೆ ಯಾರೋ ಇದ್ದಾರೆ ಅಂತ ಗೊತ್ತಾಗುತ್ತದೆ. ಅದಕ್ಕೆ ಎರಡು ಕಡೆ ಕಿಟಕಿ ಒಂದು ಬೆರಳಷ್ಟು ಇಳಿಸಬೇಕು. ಇಳಿಸಿದರೆ ಚಳಿ. ಬಿಸಿಗಾಳಿಗೆ ಎಂಜಿನ್ ಓಡಿಸಿ ಮಲಗುವಂತಿಲ್ಲ, ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು ಸಾಯುವ ಅಪಾಯ. ಪ್ರತಿ ಬಾರಿ ಯಾರದ್ದಾದರೂ ಹೆಡ್‌ಲೈಟ್ ಬಿದ್ದಾಗ ಎಚ್ಚರ. ಪೊಲೀಸಾ, ಕಳ್ಳನಾ? ಗಾಜು ತಟ್ಟಿದರೆ ಹೊರಡಬೇಕು, ಎಲ್ಲಿಗೆ ಅಂತ ಅರೆನಿದ್ದೆಯಲ್ಲಿ ಯೋಚಿಸಬೇಕು. ಸ್ನಾನಕ್ಕೆ ಜಿಮ್ ಸದಸ್ಯತ್ವ. ಕಾಗದಪತ್ರ ಬರಲಿಕ್ಕೆ ಅಂಚೆ ಕಚೇರಿಯ ಜನರಲ್ ಡೆಲಿವರಿ, ಅಂದರೆ ಕಚೇರಿಗೇ ಹೋಗಿ ತೆಗೆದುಕೊಳ್ಳುವುದು.

ಆಶ್ರಯಕೇಂದ್ರಕ್ಕೆ ಯಾಕೆ ಹೋಗಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ವಿಚಾರಿಸಿದ್ದೆ. ಹಾಸಿಗೆ ಖಾಲಿ ಇದ್ದಾಗ ಕಾರು ನಿಲ್ಲಿಸಲು ಜಾಗ ಇಲ್ಲ ಅಂದರು. ಬೀದಿಯಲ್ಲಿ ಬಿಟ್ಟರೆ 72 ಗಂಟೆಗೆ ಟೋ. ಸಂಜೆ ಒಂದು ಹೊತ್ತಿಗೆ ಒಳಗಿರಬೇಕು, ನನಗೆ ಸಿಗುತ್ತಿದ್ದ ಡೆಲಿವರಿ ಕೆಲಸ ಇದ್ದದ್ದೇ ರಾತ್ರಿ. ಒಂದು ಹಾಸಿಗೆಗೋಸ್ಕರ ಕಾರು, ಕೆಲಸ ಎರಡನ್ನೂ ಬಿಡುವುದು ಯಾವ ಲೆಕ್ಕ? ನಾಯಿ ಇರುವವರು, ಗಂಡ ಹೆಂಡತಿ ಜೊತೆಗೇ ಇರಬೇಕು ಅನ್ನುವವರು, ಇವರಿಗೂ ಇದೇ ಪಾಡು.

ನನ್ನನ್ನು ಆ ಸ್ಥಿತಿಯಿಂದ ಮೇಲೆತ್ತಿದ್ದು ಆ ಡೆಲಿವರಿ ಕೆಲಸ. ಕಾರು ಟೋ ಆಗಿದ್ದರೆ ಅದೂ ಇರುತ್ತಿರಲಿಲ್ಲ.


ರಾತ್ರಿಪಾಳಿ:

ಹಿಂದಿನಸೀಟು ಅವರೇ, ಇಷ್ಟು ಬಿಚ್ಚಿ ಬರೆದಿದ್ದಕ್ಕೆ ಧನ್ಯವಾದ. ನಾನು ಒಂದು ಸೇಫ್ ಪಾರ್ಕಿಂಗ್ ಜಾಗದಲ್ಲಿ, ಅಂದರೆ ಗಾಡಿಯಲ್ಲಿ ಇರುವವರು ರಾತ್ರಿ ನಿರ್ಭಯವಾಗಿ ನಿಲ್ಲಿಸಿ ಮಲಗುವ ಜಾಗದಲ್ಲಿ, ಸ್ವಯಂಸೇವಕಿ. ಅದರ ಒಳಹೊರಗು ಹೇಳುತ್ತೇನೆ.

ಈ ಪದ್ಧತಿಯ ಹಳೇ ಮಾದರಿ ಸಾಂಟಾ ಬಾರ್ಬರಾದ್ದು. 2004ರಿಂದ ಅಲ್ಲಿ ನ್ಯೂ ಬಿಗಿನಿಂಗ್ಸ್ ಅನ್ನುವ ಸಂಸ್ಥೆ ನಡೆಸುತ್ತಿದೆ. ಚರ್ಚು, ಸರ್ಕಾರಿ ಕಚೇರಿ, ಸೇವಾಸಂಸ್ಥೆ, ಇವರ ಪಾರ್ಕಿಂಗ್ ಜಾಗ ರಾತ್ರಿ ಖಾಲಿ ಬಿದ್ದಿರುತ್ತದಲ್ಲ, ಅದನ್ನೇ ಬಳಸುತ್ತಾರೆ. ಒಂದೇ ಕಡೆ ನೂರು ಗಾಡಿ ತುಂಬಲ್ಲ. ಅಲ್ಲಿ ಕೆಲವು, ಇಲ್ಲಿ ಕೆಲವು ಅಂತ ಹಂಚುತ್ತಾರೆ. ಅಕ್ಕಪಕ್ಕದವರಿಗೆ ಹೊರೆ ಅನ್ನಿಸಲ್ಲ. ಅಡ್ಡರಸ್ತೆ ಅವರು ಹೇಳಿದ 'ಒಂದೇ ಬೀದಿ' ದೂರಿಗೆ ನನಗೆ ಗೊತ್ತಿರುವ ಒಳ್ಳೇ ಉತ್ತರ ಇದು.

ನಮ್ಮಲ್ಲಿ ಸಂಜೆ ಏಳರ ಮೇಲೆ ಗಾಡಿಗಳು ಬರುತ್ತವೆ. ಗೇಟಿನಲ್ಲಿ ಹೆಸರು, ನಂಬರ್ ಪ್ಲೇಟ್ ನೋಡಿ ಒಳಗೆ ಬಿಡುತ್ತೇವೆ. ಒಬ್ಬ ಕಾವಲುಗಾರ, ಎರಡು ತಾತ್ಕಾಲಿಕ ಶೌಚಾಲಯ, ಕೈತೊಳೆಯುವ ನೀರು, ಫೋನ್ ಚಾರ್ಜ್ ಮಾಡಲು ಒಂದು ಮೇಜು. ವಾರಕ್ಕೊಮ್ಮೆ ಕೇಸ್ ವರ್ಕರ್ ಬಂದು ಮನೆ ಹುಡುಕುವ ಅರ್ಜಿ ತುಂಬಿಸುತ್ತಾರೆ. ಬೆಳಗ್ಗೆ ಏಳರೊಳಗೆ ಜಾಗ ಖಾಲಿ. ಹೊಸಬರು ಮೊದಲ ರಾತ್ರಿ ಒಂದೇ ಮಾತು ಹೇಳುತ್ತಾರೆ: ನಿದ್ದೆ ಬಂತು ಅಂತ.

ಕೊರತೆಗಳೂ ಇವೆ, ಮುಚ್ಚಿಡಲ್ಲ. ಬಹಳ ಕಡೆ ಚಾಲ್ತಿಯಲ್ಲಿರುವ ಲೈಸೆನ್ಸ್, ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಮೂರೂ ಕೇಳುತ್ತಾರೆ. ಯಾರಿಗೆ ಈ ಜಾಗ ತುಂಬಾ ಬೇಕೋ ಅವರ ಬಳಿಯೇ ಇವು ಇರಲ್ಲ. ಆರ್‌ವಿಗಳನ್ನು ಹಲವು ಕಡೆ ಸೇರಿಸಿಕೊಳ್ಳಲ್ಲ, ಜಾಗ ಜಾಸ್ತಿ ಬೇಕು, ಕೊಳಚೆ ವ್ಯವಸ್ಥೆ ಬೇಕು ಅಂತ. ಬೆಳಗ್ಗೆ ಏಳಕ್ಕೆ ಹೊರಗೆ ಕಳಿಸಿದರೆ ರಾತ್ರಿಪಾಳಿ ಮುಗಿಸಿ ಬಂದವರು ಎಲ್ಲಿ ಮಲಗಬೇಕು? ನಮ್ಮ ಕಾಯುವ ಪಟ್ಟಿ ಖಾಲಿ ಆದದ್ದನ್ನು ನಾನು ನೋಡಿಯೇ ಇಲ್ಲ.

ವಿದ್ಯಾರ್ಥಿಗಳ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2019ರಲ್ಲಿ ಕ್ಯಾಲಿಫೋರ್ನಿಯಾ ವಿಧಾನಸಭೆಯಲ್ಲಿ ಒಂದು ಮಸೂದೆ ಬಂದಿತ್ತು. ಮನೆಯಿಲ್ಲದ ವಿದ್ಯಾರ್ಥಿಗಳು ರಾತ್ರಿ ಕಾರಿನಲ್ಲಿ ಮಲಗಲು ಕಮ್ಯುನಿಟಿ ಕಾಲೇಜುಗಳು ತಮ್ಮ ಪಾರ್ಕಿಂಗ್ ತೆರೆಯಬೇಕು ಅಂತ. ಅದು ಪಾಸಾಗಲಿಲ್ಲ. ಆದರೆ ಲಾಂಗ್ ಬೀಚ್ ಸಿಟಿ ಕಾಲೇಜು 2021ರಲ್ಲಿ ತಾನಾಗಿಯೇ ಶುರು ಮಾಡಿತು. ಕಾವಲು ಇರುವ ಪಾರ್ಕಿಂಗ್ ಕಟ್ಟಡ, ಶೌಚಾಲಯ, ವೈಫೈ. ಇದು ಪರಿಹಾರ ಅಲ್ಲ, ನಿಜ. ಆದರೆ ಪರೀಕ್ಷೆ ಇರುವ ಹುಡುಗಿ ಆ ರಾತ್ರಿ ಹೆದರದೆ ಮಲಗಬಹುದು.


ಲೆಕ್ಕದಪುಸ್ತಕ:

ಸೇಫ್ ಪಾರ್ಕಿಂಗ್ ಅಂದ ಕೂಡಲೇ ಎಲ್ಲ ಸರಿಹೋಗಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏನಾಯಿತು ನೋಡಿ. ಕ್ಯಾಂಡಲ್‌ಸ್ಟಿಕ್ ಪಾಯಿಂಟ್ ಬಳಿ ದೋಣಿ ಇಳಿಸುವ ಜಾಗದ ಪಾರ್ಕಿಂಗನ್ನು 2022ರ ಜನವರಿಯಲ್ಲಿ ಗಾಡಿವಾಸಿಗಳಿಗೆ ತೆರೆದರು. ಉದ್ದೇಶ ಒಳ್ಳೆಯದೇ. ಆದರೆ ಕರೆಂಟ್ ಸಂಪರ್ಕ ಸಿಗದೆ ಡೀಸೆಲ್ ಜನರೇಟರ್ ಓಡಿಸಬೇಕಾಯಿತು. ಖರ್ಚು ಏರಿತು. ಅಂದುಕೊಂಡಷ್ಟು ಗಾಡಿಗಳಿಗೆ ಎಂದೂ ಜಾಗ ಕೊಡಲು ಆಗಲಿಲ್ಲ. 2025ರ ಮಾರ್ಚ್‌ನಲ್ಲಿ ಮುಚ್ಚಿದರು.

ಅದೇ ವರ್ಷ ಜುಲೈನಲ್ಲಿ ನಗರ ಬೇರೆ ದಾರಿ ಹಿಡಿಯಿತು. 22 ಅಡಿಗಿಂತ ಉದ್ದ ಅಥವಾ 7 ಅಡಿಗಿಂತ ಎತ್ತರದ ಗಾಡಿಗಳು ಎಲ್ಲೂ ಎರಡು ಗಂಟೆಗಿಂತ ಜಾಸ್ತಿ ನಿಲ್ಲುವಂತಿಲ್ಲ. ಆ ಮೇ ತಿಂಗಳಲ್ಲಿ ನಗರ ಮಾಡಿದ ಇಂಥ ಗಾಡಿಗಳ ಎಣಿಕೆಯಲ್ಲಿ ಸಿಕ್ಕವರಿಗೆ ಆರು ತಿಂಗಳ ಪರವಾನಗಿ, ಅಷ್ಟರಲ್ಲಿ ಮನೆಗೆ ಕಳಿಸುವ ಪ್ರಯತ್ನ, ಗಾಡಿ ಒಪ್ಪಿಸಿದರೆ ಅಡಿ ಲೆಕ್ಕದಲ್ಲಿ ಹಣ. ನಿಷೇಧದ ಜೊತೆಗೆ ಮನೆಯ ಹಣವನ್ನೂ ಸೇರಿಸಿದ್ದು ನನಗೆ ಸರಿ ಕಂಡಿತು. ಎಣಿಕೆ ಆದ ಮೇಲೆ ಬೀದಿಗೆ ಬಂದವರ ಗತಿ ಏನು ಅನ್ನುವುದು ಸರಿ ಕಾಣಲಿಲ್ಲ. ಬಾಡಿಗೆ ಕಟ್ಟಲಾಗದೆ ಹೊರಬೀಳುವುದು ಮೇ ತಿಂಗಳಿಗೇ ನಿಂತುಹೋಗಲ್ಲ.

ಮೌಂಟನ್ ವ್ಯೂ ಗೊತ್ತಲ್ಲ, ಗೂಗಲ್ ಇರುವ ಊರು. 2020ರ ನವೆಂಬರ್‌ನಲ್ಲಿ ಮತದಾರರೇ ಕಿರಿದಾದ ರಸ್ತೆಗಳಲ್ಲಿ ದೊಡ್ಡ ಗಾಡಿ ಬೇಡ ಅಂತ ಮತ ಹಾಕಿದರು. ಕಿರಿದು ಅಂದರೆ 40 ಅಡಿ ಅಥವಾ ಅದಕ್ಕಿಂತ ಕಡಿಮೆ ಅಗಲದವು. ಊರಿನ ಬಹುಪಾಲು ಬೀದಿಗಳೂ ಅಷ್ಟೇ. ಕೇಸಾಯಿತು. 2022ರ ರಾಜಿಯಲ್ಲಿ ಕನಿಷ್ಠ ಮೂರು ಮೈಲಿಯಷ್ಟು ರಸ್ತೆಯನ್ನು ಆರ್‌ವಿಗಳಿಗೆ ಬಿಡಲು ನಗರ ಒಪ್ಪಿಕೊಂಡಿತು.


ಅಡ್ಡರಸ್ತೆ:

ಒಂದು ಪ್ರಶ್ನೆ. 2024ರಲ್ಲಿ ದೇಶದ ಸುಪ್ರೀಂ ಕೋರ್ಟೇ ನಗರಗಳ ಪರ ತೀರ್ಪು ಕೊಟ್ಟಿತಲ್ಲ? ಆಮೇಲೂ ಈ ಕೇಸುಗಳಿಗೆ ಬೆಲೆ ಇದೆಯಾ?


ಕಪ್ಪುಕೋಟು:

ಒಳ್ಳೇ ಪ್ರಶ್ನೆ. ನೀವು ಹೇಳುತ್ತಿರುವುದು ಗ್ರಾಂಟ್ಸ್ ಪಾಸ್ ಕೇಸು. ಅದು ಆರಿಗಾನ್ ರಾಜ್ಯದ ಸಣ್ಣ ಊರು. 2024ರ ಜೂನ್ 28ರಂದು ಆರು–ಮೂರು ಬಹುಮತದ ತೀರ್ಪು. ಸಾರ್ವಜನಿಕ ಜಾಗದಲ್ಲಿ ಬಿಡಾರ ಹೂಡುವುದಕ್ಕೆ ದಂಡ ಹಾಕಿದರೆ ಅದು 'ಕ್ರೂರ ಮತ್ತು ಅಸಹಜ ಶಿಕ್ಷೆ' ಆಗಲ್ಲ ಅಂತ. ಅದಕ್ಕೂ ಮುಂಚೆ, 2018ರಲ್ಲಿ ಐಡಾಹೋ ರಾಜ್ಯದ ಬಾಯ್ಸೀ ನಗರದ ಕೇಸಿನಲ್ಲಿ ಒಂಬತ್ತನೇ ಸರ್ಕಿಟ್ ಬೇರೆ ಮಾತು ಹೇಳಿತ್ತು. ಆಶ್ರಯದಲ್ಲಿ ಹಾಸಿಗೆ ಇಲ್ಲದಿದ್ದಾಗ ಹೊರಗೆ ಮಲಗಿದವರನ್ನು ಶಿಕ್ಷಿಸುವಂತಿಲ್ಲ ಅಂತ. ಆ ರಕ್ಷಣೆ ಹೋಯಿತು.

ಆದರೆ ಹೋದದ್ದು ಅದೊಂದೇ. ಕಾನೂನು ಸ್ಪಷ್ಟವಾಗಿರಬೇಕು ಅನ್ನುವ ವಾದ ಇನ್ನೂ ಇದೆ. ವಿಪರೀತ ದಂಡದ ವಾದ ಇದೆ. ಅಂಗವಿಕಲರ ಹಕ್ಕಿನ ಕಾನೂನು ಇದೆ. ವಾರಂಟ್ ಇಲ್ಲದೆ ಗಾಡಿ ವಶ ಮಾಡಿಕೊಳ್ಳುವ ಪ್ರಶ್ನೆಯೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಐದು ಅಥವಾ ಜಾಸ್ತಿ ಟಿಕೆಟ್ ಬಾಕಿ ಇದ್ದರೆ ಟೋ ಮಾಡಬಹುದು ಅಂತ ರಾಜ್ಯದ ವಾಹನ ಕಾನೂನಿನಲ್ಲೇ ಇದೆ. 2023ರ ಜುಲೈನಲ್ಲಿ ರಾಜ್ಯದ ಮೇಲ್ಮನವಿ ಕೋರ್ಟು ಸ್ಯಾನ್ ಫ್ರಾನ್ಸಿಸ್ಕೋ ಕೇಸಿನಲ್ಲಿ ಅದನ್ನು ಕಟ್ಟಿಹಾಕಿತು. ನಿಯಮ ಪ್ರಕಾರ, ಯಾರಿಗೂ ಅಡ್ಡಿಯಾಗದೆ ನಿಂತ ಗಾಡಿಯನ್ನು ಬರೀ ಟಿಕೆಟ್ ಬಾಕಿ ವಸೂಲಿಗೆ ವಾರಂಟ್ ಇಲ್ಲದೆ ಎಳೆಯುವಂತಿಲ್ಲ ಅಂತ. ಮೂಲೆಮನೆ ಅವರೇ, ನಿಮ್ಮ ಊರಿನ ಪ್ರಸ್ತಾಪದಲ್ಲಿ 'ಟಿಕೆಟ್ ಆಮೇಲೆ ಟೋ' ಅನ್ನುವುದು ಇದ್ದರೆ ಈ ತೀರ್ಪನ್ನು ಸಭೆಯಲ್ಲಿ ನೆನಪಿಸಿ.

ಮಾಡಬಹುದು ಅಂತ ಕೋರ್ಟು ಹೇಳಿದ್ದನ್ನೆಲ್ಲ ಮಾಡಲೇಬೇಕು ಅಂತ ಏನೂ ಇಲ್ಲ.


ದಕ್ಷಿಣದ್ವೀಪ:

ನ್ಯೂಜಿಲೆಂಡಿನಿಂದ ಒಂದು ಸಣ್ಣ ಮಾತು. ಇಲ್ಲಿ ಗಾಡಿಯಲ್ಲಿ ಮಲಗುವವರ ಮೇಲೆ ಇರುವ ಕಾನೂನು ಹುಟ್ಟಿದ್ದೇ ಪ್ರವಾಸಿಗರಿಗಾಗಿ. 2011ರ ಫ್ರೀಡಂ ಕ್ಯಾಂಪಿಂಗ್ ಕಾಯಿದೆ. ಅದೇ ದಂಡದ ಚೀಟಿ ಮನೆಯಿಲ್ಲದವರ ಕೈಗೂ ಬರುತ್ತಿತ್ತು. 2023ರಲ್ಲಿ ತಿದ್ದುಪಡಿ ತಂದರು. ಇರಲು ಮನೆಯಿಲ್ಲದೆ ಗಾಡಿಯಲ್ಲಿ ಮಲಗುವವರನ್ನು ಆ ಕಾಯಿದೆಯ ವ್ಯಾಖ್ಯೆಯಿಂದಲೇ ಹೊರಗಿಟ್ಟರು. ರಜೆಗೆ ಬಂದವನಿಗೂ ಮನೆ ಕಳೆದುಕೊಂಡವನಿಗೂ ಒಂದೇ ದಂಡ ಸಲ್ಲದು ಅಂತ ಕಾನೂನಿನಲ್ಲೇ ಬರೆಯಬಹುದು, ನೋಡಿ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಕಟ್ಟಡ ಕಟ್ಟುವವರೆಗೆ ಖಾಲಿ ಇರುವ ಜಾಗಗಳನ್ನು ವ್ಯಾನ್‌ನಲ್ಲಿ ಇರುವವರಿಗೆ ತಾತ್ಕಾಲಿಕವಾಗಿ ಕೊಡುತ್ತಾರೆ, ನೀರು, ಶೌಚಾಲಯದ ಜೊತೆ.


ಅಡ್ಡರಸ್ತೆ:

ಹಿಂದಿನಸೀಟು ಅವರ ಮಾತು ಓದಿ ಮನಸ್ಸಿಗೆ ಕಷ್ಟವಾಯಿತು. ಆದರೂ ಒಂದು ಮಾತು ಹೇಳಲೇಬೇಕು. ಮೂರು ಮೈಲಿ ರಸ್ತೆ ಬಿಟ್ಟೆವು, ಟ್ಯಾಂಕರ್ ಕಳಿಸಿದೆವು ಅಂತ ನಗರಗಳು ಅಲ್ಲಿಗೇ ಕೈತೊಳೆದುಕೊಂಡರೆ? ಗಾಡಿಯಲ್ಲೇ ಇರಲಿ ಬಿಡಿ ಅನ್ನುವುದು ನೀತಿ ಆಗಬಾರದು. ಎಪ್ಪತ್ತು ವರ್ಷದವರು ಸ್ಟೀರಿಂಗ್‌ಗೆ ಒರಗಿ ಮಲಗುವುದನ್ನು ಮಾಮೂಲಿ ಅಂತ ಒಪ್ಪಿಕೊಂಡ ಹಾಗಾಗುತ್ತದೆ. ಮನೆ ಕಟ್ಟಬೇಕು. ನಮ್ಮ ಊರಿನಲ್ಲಿ ಅಪಾರ್ಟ್‌ಮೆಂಟ್ ಪ್ರಸ್ತಾಪ ಬಂದಾಗ ಬೇಡ ಅಂದವರೇ ಈಗ ಆರ್‌ವಿ ಬೇಡ ಅನ್ನುತ್ತಿದ್ದಾರೆ. ಎರಡೂ ಬೇಡ ಅಂದರೆ ಜನ ಎಲ್ಲಿರಬೇಕು?


ಸಿಯಾಟಲ್ ಮಳೆ:

ನೂರಕ್ಕೆ ನೂರು ಒಪ್ಪುತ್ತೇನೆ. ಜನವರಿಯಲ್ಲಿ ನಡೆಯುವ ಮನೆಯಿಲ್ಲದವರ ಎಣಿಕೆಯಲ್ಲಿ ಗಾಡಿಯಲ್ಲಿ ಮಲಗುವವರನ್ನು ಸರ್ಕಾರವೇ 'ಆಶ್ರಯ ಇಲ್ಲದವರು' ಅಂತ ಬರೆದುಕೊಳ್ಳುತ್ತದೆ. ಗಾಡಿ ಮನೆ ಅಲ್ಲ, ಅದು ಅವರಿಗೂ ಗೊತ್ತು. ಬಾಡಿಗೆ ಇಳಿಯುವಷ್ಟು ಮನೆಗಳು ಆಗುವವರೆಗೆ, ಇರುವುದನ್ನು ಕಿತ್ತುಕೊಳ್ಳಬೇಡಿ ಅನ್ನುವುದಷ್ಟೇ ನನ್ನ ಮಾತು.


ಮೂಲೆಮನೆ:

ಎಲ್ಲರಿಗೂ ಮನಸಾರೆ ಧನ್ಯವಾದ. ನಾನು ಆ ಹಾಳೆಗೆ ಸಹಿ ಹಾಕುತ್ತಿಲ್ಲ. ಬದಲಿಗೆ ಸಭೆಯಲ್ಲಿ ಮಾತಾಡಲು ಹೆಸರು ಕೊಟ್ಟಿದ್ದೇನೆ. ಪಕ್ಕದ ಮನೆಯವರನ್ನೂ ಕರೆದಿದ್ದೇನೆ, ಅವರ ದೂರುಗಳಲ್ಲಿ ಕೊಳಚೆ ಮತ್ತು ಫುಟ್‌ಪಾತ್ ಎರಡನ್ನೂ ನಾನೇ ಎತ್ತುತ್ತೇನೆ ಅಂದಿದ್ದೇನೆ. ಬೋರ್ಡು ಹಾಕುವ ಮುಂಚೆ ಹತ್ತಿರದ ಎರಡು ಚರ್ಚು, ನಗರಸಭೆಯ ಸ್ವಂತ ಪಾರ್ಕಿಂಗ್, ಈ ಮೂರು ಕಡೆ ರಾತ್ರಿ ಕೆಲವೇ ಗಾಡಿಗಳಿಗೆ ಜಾಗ ಕೊಡಿ. ಕೊಳಚೆ ಟ್ಯಾಂಕರ್ ಕಳಿಸಿ. ಫುಟ್‌ಪಾತಿಗೆ ಸಾಮಾನು ಬಂದರೆ ಮಾತ್ರ ಕ್ರಮ. ಗಾಡಿ ಬಾಡಿಗೆಗೆ ಬಿಡುವವನನ್ನು ಹಿಡಿಯಿರಿ, ಒಳಗಿರುವವರನ್ನಲ್ಲ. ಟೋ ಕೊನೆಗೆ, ಅದೂ ಅಪಾಯ ಇದ್ದರೆ ಮಾತ್ರ. ಇಷ್ಟು ಕೇಳುತ್ತೇನೆ.

ಇವತ್ತು ಆ ಹೆಂಗಸಿನ ಜೊತೆ ಮಾತಾಡಿದೆ. ಅವರ ರಿಜಿಸ್ಟ್ರೇಷನ್ ಮುಗಿದು ತಿಂಗಳುಗಳಾಗಿವೆಯಂತೆ. ಹೊಗೆ ತಪಾಸಣೆಯಲ್ಲಿ ಕಾರು ಪಾಸಾಗಲಿಲ್ಲ, ರಿಪೇರಿಗೆ ದುಡ್ಡಿಲ್ಲ. ಸೇಫ್ ಪಾರ್ಕಿಂಗ್‌ಗೆ ಹೀಗೆ ಬಂದರೆ ತೆಗೆದುಕೊಳ್ಳುತ್ತಾರಾ?


ರಾತ್ರಿಪಾಳಿ:

ಬೇಗ ಮಾಡಿ. ರಿಜಿಸ್ಟ್ರೇಷನ್ ಮುಗಿದು ಆರು ತಿಂಗಳು ದಾಟಿದರೆ ಕ್ಯಾಲಿಫೋರ್ನಿಯಾದಲ್ಲಿ ಅದೊಂದೇ ಕಾರಣಕ್ಕೆ ಟೋ ಮಾಡಬಹುದು. ನಮ್ಮಲ್ಲಿ ಇಂಥ ಬಾಕಿ ಕಟ್ಟಲು ಸಣ್ಣ ನಿಧಿ ಇದೆ. ಹಲವು ಸೇಫ್ ಪಾರ್ಕಿಂಗ್ ಸಂಸ್ಥೆಗಳಲ್ಲಿ ಇರುತ್ತದೆ, ಕೇಳಿದವರಿಗೆ ಮಾತ್ರ ಹೇಳುತ್ತಾರೆ. ಹೊಗೆ ತಪಾಸಣೆಯಲ್ಲಿ ಫೇಲಾದ ಕಾರಿನ ರಿಪೇರಿಗೆ ಕಡಿಮೆ ಆದಾಯದವರಿಗೆ ರಾಜ್ಯ ಸರ್ಕಾರವೇ ಹಣ ಸಹಾಯ ಮಾಡುತ್ತದೆ. ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್ ಅನ್ನುವ ಇಲಾಖೆ. ರಿಪೇರಿ ಮಾಡಿಸುವ ಮುಂಚೆಯೇ ಅರ್ಜಿ ಹಾಕಬೇಕು, ಅದು ನೆನಪಿರಲಿ. ಅವರ ಸಂಬಳದ ಚೀಟಿ, ತಪಾಸಣೆಯ ವರದಿ ಎರಡೂ ಜೋಪಾನವಾಗಿ ಇಟ್ಟುಕೊಳ್ಳಲು ಹೇಳಿ. ನಿಮ್ಮ ಊರು ಯಾವುದು ಅಂತ ನನಗೆ ಖಾಸಗಿಯಾಗಿ ತಿಳಿಸಿ. ಹತ್ತಿರದ ಜಾಗ ಯಾವುದು, ಯಾರಿಗೆ ಫೋನ್ ಮಾಡಬೇಕು ಅಂತ ಇವತ್ತೇ ವಿಚಾರಿಸಿ ಹೇಳುತ್ತೇನೆ.